ಕಿವಿಯಿಂದ ಕರಡು ತಿದ್ದುವ ಬಗೆ

ಕೇಳುಗರಿಗೆ ನಮಸ್ಕಾರ.

ಕಣ್ಣು ಕಾಣದವರು ಕರಡಚ್ಚು ತಿದ್ದುತ್ತಾರೆ ಎಂದರೆ ಹಲವರು ಮೊದಲು ನಂಬುವುದಿಲ್ಲ. ನಂಬಿದ ಮೇಲೆ ಅದೇನೋ ಪವಾಡವೆಂಬಂತೆ ಹೊಗಳತೊಡಗುತ್ತಾರೆ. ಎರಡೂ ಬೇಡ. ಇದು ಅಭ್ಯಾಸದಿಂದ ಕೈಹತ್ತುವ ಕೆಲಸ. ದೃಷ್ಟಿಯಿಲ್ಲದ ನಾನು ಸ್ಕ್ರೀನ್ ರೀಡರ್ ನೆರವಿನಿಂದ ಕನ್ನಡ ಬರಹಗಳನ್ನು ತಿದ್ದುತ್ತಾ ಕಂಡುಕೊಂಡಿರುವುದೇನೆಂದರೆ, ಕಣ್ಣು ಮೋಸಹೋಗುವ ಜಾಗಗಳೇ ಬೇರೆ, ಕಿವಿ ಮೋಸಹೋಗುವ ಜಾಗಗಳೇ ಬೇರೆ. ಈ ಎರಡು ಬಗೆಯ ಜಾಗಗಳು ಯಾವುವು, ಎರಡನೆಯದನ್ನು ದಾಟುವುದು ಹೇಗೆ ಎಂಬುದನ್ನು ಇಂದು ವಿವರಿಸುತ್ತೇನೆ.

ಸ್ಕ್ರೀನ್ ರೀಡರ್ ಎಂಬುದು ಪರದೆಯ ಮೇಲಿನ ಪಠ್ಯವನ್ನು ದನಿಯಾಗಿ ಕೇಳಿಸುವ, ಬೇಕಿದ್ದರೆ ಬ್ರೈಲ್ ಚುಕ್ಕಿಗಳಾಗಿ ಬೆರಳಿಗೆ ಒದಗಿಸುವ ತಂತ್ರಾಂಶ. ಬೆಲೆ ತೆತ್ತು ಕೊಳ್ಳಬೇಕಾದ ಜಾಸ್ ಬಹಳ ಹಳೆಯದು. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿ ಜೇಮ್ಸ್ ಟೆ ಅವರೊಡನೆ ಸೇರಿ ಬೆಳೆಸಿದ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಆ ಇಬ್ಬರೂ ದೃಷ್ಟಿಹೀನರೇ. ಅದರ ಜೊತೆಯಲ್ಲೇ ಬರುವ ಇ-ಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ. ಅದು ತಗಡು ಬಡಿದಂತೆ ಕೇಳಿಸುತ್ತದೆಂದು ಹೊಸಬರು ದೂರುವುದುಂಟು. ಆದರೂ ಕರಡು ತಿದ್ದುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಮನುಷ್ಯರ ದನಿಯನ್ನು ಹೋಲುವ ಇಂಪಾದ ದನಿಗಳು ಕಾದಂಬರಿ ಕೇಳಲು ಚೆನ್ನ; ಅವು ಪದಗಳ ಅಂಚನ್ನು ನಯಗೊಳಿಸಿ ಓದುವುದರಿಂದ, ಬಿಟ್ಟುಹೋದ ಒಂದು ದೀರ್ಘವೋ ಒತ್ತೋ ನಮ್ಮ ಗಮನಕ್ಕೆ ಬಾರದೆಯೇ ದಾಟಿಹೋಗುತ್ತದೆ.

ಮೊದಲು ಕಣ್ಣು ಸೋಲುವ ಕಡೆಯನ್ನು ನೋಡೋಣ. ಬೆಂಗಳೂರು ಎಂದು ಬೆರಳಚ್ಚು ಮಾಡುವಾಗ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತುವವರು ಬಹಳ ಮಂದಿ ಇದ್ದಾರೆ. ಎರಡೂ ದುಂಡಗೆ ಒಂದೇ ತೆರನಾಗಿ ಕಾಣುವುದರಿಂದ ಎಷ್ಟು ಬಾರಿ ಓದಿದರೂ ಕಣ್ಣಿಗೆ ತಪ್ಪು ಹೊಳೆಯದು. ಸ್ಕ್ರೀನ್ ರೀಡರ್ ಮಾತ್ರ ದಾಕ್ಷಿಣ್ಯವಿಲ್ಲದೆ ‘ಬೆ, ಸೊನ್ನೆ, ಗಳೂರು’ ಎಂದು ಓದಿಬಿಡುತ್ತದೆ. ಕರ್ನಾಟಕ ಎಂಬಲ್ಲಿ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಕೂರಿಸುವ ರೂಢಿಯೂ ಇದೆ. ಆಗ ನನಗೆ ಕೇಳಿಸುವುದು ‘ಕನಾ, ಒಂಬತ್ತು, ಟಕ’. ಇದು ಬರಿಯ ಅಂದಚಂದದ ಮಾತಲ್ಲ. ಹಾಗೆ ಬರೆದ ಬೆಂಗಳೂರನ್ನು ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ.

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಯಂತ್ರದಿಂದ ಅಕ್ಷರ ಗುರುತಿಸಿ ಪಡೆದ ಪಠ್ಯದಲ್ಲಿ ಕಿವಿಯ ಮೇಲುಗೈ ಇನ್ನೂ ಸ್ಪಷ್ಟ. ಯಂತ್ರ ಎಡವುವುದು ಆಕಾರದಲ್ಲಿ. ಶಾಲೆಯಲ್ಲಿ ಮೇಷ್ಟರು ‘ಹೊಟ್ಟೆ ಸೀಳಿದ ಷ’ ಎನ್ನುತ್ತಿದ್ದರಲ್ಲ, ಆ ಸೀಳುಗೆರೆ ಮಾಸಿದ್ದರೆ ಯಂತ್ರ ಅದನ್ನು ‘ಪ’ ಎಂದು ತಿಳಿಯುತ್ತದೆ, ‘ಭಾಷೆ’ ಹೋಗಿ ‘ಭಾಪೆ’ ಆಗುತ್ತದೆ. ಅರ್ಥ ಹಿಡಿದು ವೇಗವಾಗಿ ಓದುವ ಕಣ್ಣು ಅದನ್ನು ಭಾಷೆ ಎಂದೇ ಓದಿಕೊಂಡು ಮುಂದೆ ಸಾಗುತ್ತದೆ. ಕಿವಿಗಾದರೋ ‘ಭಾಪೆ’ ಬಡಿದು ನಿಲ್ಲಿಸುತ್ತದೆ. ಸಾಲಿನ ಕೊನೆಯಲ್ಲಿ ಒಮ್ಮೆ, ಮುಂದಿನ ಸಾಲಿನ ಮೊದಲಲ್ಲಿ ಮತ್ತೊಮ್ಮೆ ಬಂದ ‘ಎಂದು’ ಕೂಡ ಹೀಗೆಯೇ ಸಿಕ್ಕಿಬೀಳುತ್ತದೆ. ಪೂರ್ಣವಿರಾಮ ಬಿಟ್ಟುಹೋಗಿದ್ದರೆ ದನಿ ಉಸಿರು ತೆಗೆದುಕೊಳ್ಳದೆ ಮುಂದಿನ ವಾಕ್ಯಕ್ಕೆ ನುಗ್ಗುವುದರಿಂದ ಅದೂ ತಿಳಿಯುತ್ತದೆ.

ಇನ್ನು ಕಿವಿ ಸೋಲುವ ಕಡೆ. ಕನ್ನಡದಲ್ಲಿ ಕರಡು ತಿದ್ದುವ ದೃಷ್ಟಿಹೀನರ ನಿಜವಾದ ಕಷ್ಟ ಇಲ್ಲಿದೆ. ಪ್ರಶಸ್ತಿಯನ್ನು ಕೊಡುವುದು ಪ್ರದಾನ, ಅಲ್ಪಪ್ರಾಣದ ದಕಾರ. ಮುಖ್ಯವಾದದ್ದು ಪ್ರಧಾನ, ಮಹಾಪ್ರಾಣದ ಧಕಾರ. ಆಹ್ವಾನ ಪತ್ರಿಕೆಗಳಲ್ಲಿ ‘ಪ್ರಶಸ್ತಿ ಪ್ರಧಾನ ಸಮಾರಂಭ’ ಎಂದು ಅಚ್ಚಾಗಿರುವುದನ್ನು ನೀವು ಕಂಡಿರುತ್ತೀರಿ. ಇವೆರಡನ್ನೂ ನಾನು ಈಗ ಒತ್ತಿ ಹೇಳದೆ ಹೋಗಿದ್ದರೆ ರೇಡಿಯೊ ಮುಂದೆ ಕುಳಿತ ನಿಮಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಧನಸಹಾಯ ದನಸಹಾಯವಾಗುವುದು, ವಿಶೇಷ ಎಂಬಲ್ಲಿ ಶಕಾರ ಷಕಾರಗಳು ಅದಲುಬದಲಾಗುವುದು, ವಿದ್ಯಾರ್ಥಿಯ ದಕಾರಕ್ಕೆ ಇಲ್ಲದ ಮಹಾಪ್ರಾಣ ಸೇರಿಕೊಳ್ಳುವುದು, ಇವೆಲ್ಲ ಉಚ್ಚಾರದಿಂದ ಹುಟ್ಟುವ ತಪ್ಪುಗಳಾದ್ದರಿಂದ ಉಚ್ಚಾರವನ್ನೇ ನೆಚ್ಚಿದವರಿಗೆ ಸುಲಭವಾಗಿ ದಕ್ಕುವುದಿಲ್ಲ. ಕಾಗುಣಿತ ಪರೀಕ್ಷಕ ತಂತ್ರಾಂಶವೂ ಇಲ್ಲಿ ಪೂರ್ತಿ ನೆರವಾಗದು. ಪ್ರದಾನ, ಪ್ರಧಾನ ಎರಡೂ ನಿಘಂಟಿನಲ್ಲಿರುವ ಪದಗಳು.

ಇದಕ್ಕೆ ಉಪಾಯವಿದೆ. ಅನುಮಾನ ಬಂದ ಪದದ ಮೇಲೆ ನಿಂತು ಅಕ್ಷರ ಅಕ್ಷರವಾಗಿ ಸರಿಯುವುದು ಮೊದಲ ಹೆಜ್ಜೆ. ಅಷ್ಟರಿಂದಲೂ ತೀರ್ಮಾನವಾಗದಿದ್ದರೆ, ಎನ್‌ವಿಡಿಎಯಲ್ಲಿ ಕೀಲಿಮಣೆಯ ಬಲಬದಿಯ ಅಂಕಿ ಗುಂಪಿನಲ್ಲಿರುವ ಎರಡನ್ನು ಬೇಗಬೇಗನೆ ಮೂರು ಸಲ ಒತ್ತಿದಾಗ, ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಗೊತ್ತುಮಾಡಿರುವ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ ಆ ಅಕ್ಷರಕ್ಕೆ ಕೊಟ್ಟಿರುವ ಸಂಖ್ಯೆಯನ್ನೇ ಅದು ಹೇಳುತ್ತದೆ. ಅಲ್ಪಪ್ರಾಣದ ದ 3238, ಮಹಾಪ್ರಾಣದ ಧ 3239. ಶಕಾರ 3254, ಷಕಾರ 3255. ಅನುಸ್ವಾರ 3202 ಆದರೆ ಸೊನ್ನೆ ಅಂಕಿ ಸರಿಯಾಗಿ ನೂರು ಹೆಚ್ಚು, 3302. ಸಂಖ್ಯೆಯ ಮುಂದೆ ಉಚ್ಚಾರದ ಅನುಮಾನಕ್ಕೆ ಎಡೆಯಿಲ್ಲ. ಆದರೆ ಇಡೀ ಪುಸ್ತಕವನ್ನು ಹೀಗೆ ಓದಲಾಗದು. ಆದ್ದರಿಂದ ಗೊಂದಲಕ್ಕೆ ಎಡೆಮಾಡುವ ಪದಗಳ ಪಟ್ಟಿಯೊಂದನ್ನು ನಾನು ಇಟ್ಟುಕೊಂಡಿದ್ದೇನೆ. ಪ್ರತಿ ಪದದ ತಪ್ಪು ರೂಪವನ್ನು ಹುಡುಕುವ ಸೌಲಭ್ಯಕ್ಕೆ ಕೊಟ್ಟು, ಸಿಕ್ಕಿದ ಕಡೆಯಲ್ಲೆಲ್ಲ ಅರ್ಥ ನೋಡಿ ತೀರ್ಮಾನಿಸುತ್ತೇನೆ. ಹುಡುಕುವಾಗ ಕಂಪ್ಯೂಟರ್ ದನಿಯನ್ನು ಹೋಲಿಸುವುದಿಲ್ಲ, ಸಂಖ್ಯೆಯನ್ನು ಹೋಲಿಸುತ್ತದೆ. ನಮಗೆ ಬೇಕಾದದ್ದೂ ಅದೇ. ಸಾಫ್ಟ್‌ವೇರ್ ಎಂಬಂಥ ಪದಗಳಲ್ಲಿ ಟಕಾರ ವಕಾರಗಳು ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯುವ, 8204 ಸಂಖ್ಯೆಯ ಕಾಣದ ಅಕ್ಷರವೊಂದಿದೆ. ಅದು ಇದ್ದರೂ ಇಲ್ಲದಿದ್ದರೂ ಉಚ್ಚಾರ ಒಂದೇ ಆದ್ದರಿಂದ ಅದನ್ನು ಪತ್ತೆಹಚ್ಚಲೂ ಹುಡುಕಾಟವೇ ಗತಿ.

ಪರದೆಯ ಪಠ್ಯವನ್ನು ಉಬ್ಬು ಚುಕ್ಕಿಗಳಾಗಿ ಬೆರಳಿಗೆ ಒದಗಿಸುವ ಬ್ರೈಲ್ ಪಟ್ಟಿಕೆ ಎಂಬ ಉಪಕರಣ ಇದ್ದವರಿಗೆ ಈ ಪಾಡಿಲ್ಲ. ಭಾರತೀಯ ಭಾಷೆಗಳ ಬ್ರೈಲ್ ಲಿಪಿಯಾದ ಭಾರತಿ ಬ್ರೈಲ್‌ನಲ್ಲಿ ಆರು ಚುಕ್ಕಿಗಳ ಪೈಕಿ ದಕಾರಕ್ಕೆ ಒಂದು, ನಾಲ್ಕು, ಐದನೆಯ ಚುಕ್ಕಿಗಳು. ಧಕಾರಕ್ಕೆ ಎರಡು, ಮೂರು, ನಾಲ್ಕು, ಆರನೆಯ ಚುಕ್ಕಿಗಳು. ಬೆರಳಿಗೆ ಇವು ಎಂದೂ ಒಂದೇ ಎನಿಸವು. ಆ ಉಪಕರಣದ ಬೆಲೆ ನಮ್ಮಲ್ಲಿ ಹೆಚ್ಚಿನವರ ಕೈಗೆ ಎಟುಕುವಂಥದ್ದಲ್ಲ ಎಂಬುದು ಬೇರೆ ಮಾತು. ದನಿಯೊಂದನ್ನೇ ನಂಬಿ ಬೆಳೆದ ಮಕ್ಕಳ ಕಾಗುಣಿತ ಸಡಿಲವಾಗುತ್ತಿದೆ ಎಂದು ಬ್ರೈಲ್ ಕಲಿಸುವ ಶಿಕ್ಷಕರು ಹೇಳುವುದನ್ನು ನಾನಂತೂ ಒಪ್ಪುತ್ತೇನೆ.

ತಿದ್ದುವಾಗ ಓದಿನ ವೇಗವನ್ನು ತಗ್ಗಿಸುವುದು, ಅಲ್ಪವಿರಾಮ ಉದ್ಧರಣ ಚಿಹ್ನೆಗಳನ್ನೂ ಹೆಸರಿಸಿ ಓದುವಂತೆ ಚಿಹ್ನೆಗಳ ಮಟ್ಟವನ್ನು ಏರಿಸುವುದು ಅಗತ್ಯ. ಅರ್ಥಕ್ಕಾಗಿ ಒಂದು ಸುತ್ತು, ಚಿಹ್ನೆಗಳಿಗಾಗಿ ಇನ್ನೊಂದು ಸುತ್ತು ಬೇರೆಬೇರೆಯಾಗಿ ಓದುವುದು ಮೇಲು. ಎರಡನ್ನೂ ಒಟ್ಟಿಗೆ ಕೇಳಹೊರಟರೆ ವಾಕ್ಯದ ಜಾಡೇ ತಪ್ಪುತ್ತದೆ. ಅಕ್ಷರದ ಗಾತ್ರ, ದಪ್ಪ, ಸಾಲಿನ ಹೊಂದಾಣಿಕೆಗಳನ್ನು ಕೇಳಿ ತಿಳಿಯುವ ಕೀಲಿಯೂ ಇದೆ. ಆದರೆ ಚಿತ್ರದ ಮೇಲೆ ಅಕ್ಷರ ಹತ್ತಿದೆಯೇ, ಪುಟದ ಅಡಿಯಲ್ಲಿ ಶೀರ್ಷಿಕೆಯೊಂದೇ ಒಂಟಿಯಾಗಿ ಉಳಿದಿದೆಯೇ ಎಂಬುದನ್ನು ಅಚ್ಚಿಗೆ ಹೋಗುವ ಮುನ್ನ ಕಣ್ಣಿರುವವರೊಬ್ಬರು ನೋಡಲೇಬೇಕು. ಹಾಗೆಂದು ಕೇಳಲು ನನಗೆ ಸಂಕೋಚವಿಲ್ಲ.

ಇಷ್ಟೆಲ್ಲ ನಡೆಯುವುದು ಕಡತ ಯೂನಿಕೋಡ್‌ನಲ್ಲಿದ್ದರೆ ಮಾತ್ರ. ಕನ್ನಡದ ಎಷ್ಟೋ ಮುದ್ರಣಾಲಯಗಳು, ಡಿಟಿಪಿ ಕೇಂದ್ರಗಳು ಪುಟ ಕಟ್ಟಲು ಇಂದಿಗೂ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳನ್ನೇ ಬಳಸುತ್ತವೆ. ಆ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಕನ್ನಡ ಅಕ್ಷರಗಳಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ಅವುಗಳಿಗೆ ಕನ್ನಡದ ತುಣುಕುಗಳ ರೂಪ ತೊಡಿಸಲಾಗಿರುತ್ತದೆ. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಬಿಡಿಸಿದರೆ ದೊಡ್ಡ ಪಿ, ನೆತ್ತಿಗೆ ಗುರುತಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯದೊಂದು ಸಕಾರ, ಕ್ಯೂ, ಮತ್ತೊಮ್ಮೆ ಎ. ನಮಗೆ ಕೇಳಿಸುವುದೂ ಅದೇ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಆದರೆ ಅವು ಅರ್ಕಾವತ್ತನ್ನು ಕೆಲವೊಮ್ಮೆ ಬೇರೆ ಅಕ್ಷರಕ್ಕೆ ಅಂಟಿಸುವುದರಿಂದ, ಪರಿವರ್ತನೆಯ ತಪ್ಪು ಯಾವುದು, ಲೇಖಕರ ತಪ್ಪು ಯಾವುದು ಎಂದು ಬೇರ್ಪಡಿಸುವ ಕೆಲಸ ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಪುಟವನ್ನು ಚಿತ್ರವಾಗಿಸಿದ ಪಿಡಿಎಫ್ ಕಳಿಸಿದರಂತೂ ಸ್ಕ್ರೀನ್ ರೀಡರ್‌ಗೆ ಓದಲು ಏನೂ ಇರುವುದಿಲ್ಲ.

ಆದ್ದರಿಂದ ಕರಡು ಕಳಿಸುವ ಲೇಖಕರಲ್ಲಿ, ಪ್ರಕಾಶಕರಲ್ಲಿ ನನ್ನ ಕೋರಿಕೆ ಸರಳವಾದದ್ದು. ಪುಟ ಕಟ್ಟುವ ಮೊದಲು, ಯೂನಿಕೋಡ್‌ನಲ್ಲಿರುವ ವರ್ಡ್ ಕಡತವನ್ನೇ ಕಳಿಸಿ. ಕೆಂಪು ಶಾಯಿಯ ಗುರುತುಗಳ ಬದಲಿಗೆ, ವರ್ಡ್‌ನಲ್ಲಿ ತಿದ್ದುಪಡಿಗಳನ್ನು ದಾಖಲಿಸುವ ಸೌಲಭ್ಯವನ್ನು ಬಳಸಿ ನಾವು ಹಿಂದಿರುಗಿಸುವ ಪ್ರತಿಯನ್ನು ಸ್ವೀಕರಿಸಿ. ಯಾವ ಪದ ಸೇರಿದೆ, ಯಾವುದು ಅಳಿಸಿದೆ ಎಂಬುದನ್ನು ಸ್ಕ್ರೀನ್ ರೀಡರ್ ನಮಗೂ ಹೇಳುತ್ತದೆ, ನಿಮಗೂ ಪರದೆಯ ಮೇಲೆ ಕಾಣುತ್ತದೆ. ಒಪ್ಪುವುದು, ಬಿಡುವುದು ನಿಮ್ಮ ಕೈಯಲ್ಲೇ ಇರುತ್ತದೆ.

ನಮಸ್ಕಾರ.