ಪತ್ತನಾಜೆಯೊಳಗೆ ಮನೆದಾರಿ

ಕೇಳುಗರಿಗೆ ನಮಸ್ಕಾರ.

ಡಾಮರು ರಸ್ತೆಯಿಂದ ತೋಟದ ಮನೆಯ ಅಂಗಳದವರೆಗೆ ಒಂದು ಜಲ್ಲಿ ದಾರಿ. ಮಂಗಳೂರು, ಉಡುಪಿ ಕಡೆ ಇದು ಇಲ್ಲದ ಮನೆ ಕಡಿಮೆ. ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುವ ಸೀಮೆ ನಮ್ಮದು. ಇಲ್ಲಿ ದಾರಿ ಕೆಡುವುದು ಹೆಚ್ಚಾಗಿ ನೀರಿನಿಂದ. ಅದನ್ನು ಸರಿಪಡಿಸಲು ಮಿನಿ ಟ್ರ್ಯಾಕ್ಟರಿಗೆ ಬ್ಲೇಡ್ ಸಿಕ್ಕಿಸಿ ಹೊರಡುವ ಮುಂಚೆ ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ದಾರಿಯುದ್ದಕ್ಕೂ ನಡೆಯಿರಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ದಾರಿಯ ಮೇಲೇ ಹರಿಯುತ್ತದೆ, ಅಲ್ಲಲ್ಲಿ ಒಂದೊಂದು ಗೂಟ ಹೊಡೆದಿಡಿ. ಮಾಡಿನ ನೀರು ಸೀದಾ ದಾರಿಗೆ ಬೀಳುತ್ತಿದ್ದರೆ ಮೊದಲು ಅದನ್ನು ತಿರುಗಿಸಿ.

ಈ ಕೆಲಸಕ್ಕೆ ಎರಡು ಕಾಲ ಒಳ್ಳೆಯದು. ಒಂದು, ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದ ಮೇಲೆ, 24ರ ಸುಮಾರಿಗೆ ಬರುವ ತುಳುವರ ಪತ್ತನಾಜೆಯೊಳಗೆ. ಇನ್ನೊಂದು, ಚೌತಿ ಕಳೆದು ಮಳೆ ಹಿಂದೆ ಸರಿಯುವಾಗ. ಮಾರ್ಚ್, ಏಪ್ರಿಲ್‌ನ ಒಣ ನೆಲದಲ್ಲಿ ಬ್ಲೇಡ್ ಕಚ್ಚುವುದಿಲ್ಲ, ಮೇಲೆ ಜಾರುತ್ತದೆ. ಜಲ್ಲಿಯನ್ನು ಹಿಡಿದಿಟ್ಟ ಸಣ್ಣ ಪುಡಿಯೆಲ್ಲ ಧೂಳಾಗಿ ಹಾರಿಹೋಗುತ್ತದೆ. ಹದ ತಿಳಿಯಲು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ ನೋಡಿ. ಉಂಡೆ ನಿಲ್ಲಬೇಕು, ಅಂಗೈಗೆ ನೀರು ಅಂಟಬಾರದು.

ಈಗ ಸಾಮಾನು. 20ರಿಂದ 28 ಎಚ್‌ಪಿಯ ಟ್ರ್ಯಾಕ್ಟರ್ ಸಾಕು. ಹಿಂದಿನ ಬ್ಲೇಡ್ 5 ಅಡಿಯದ್ದಿರಲಿ. ಓರೆಯಾಗಿ ತಿರುಗಿಸಿದಾಗಲೂ ಅದು ಹಿಂದಿನ ಎರಡೂ ಚಕ್ರಗಳ ಜಾಡನ್ನು ಮುಚ್ಚಬೇಕು. 30 ಡಿಗ್ರಿ ತಿರುಗಿಸಿದರೆ 5 ಅಡಿಯ ಬ್ಲೇಡು ಗುಡಿಸುವುದು ನಾಲ್ಕೂಕಾಲು ಅಡಿಯಷ್ಟೇ ಎಂಬುದು ನೆನಪಿರಲಿ. ನೆಲ ಸಡಿಲಿಸಲು ಗದ್ದೆಯ ಕಲ್ಟಿವೇಟರ್ ಆಗುತ್ತದೆ. ರೋಟವೇಟರ್ ಮಾತ್ರ ಬೇಡ. ಅದರ ಅಲಗು ಮುರಿಯುತ್ತದೆ, ಕಲ್ಲು ಸಿಡಿಯುತ್ತದೆ, ಜಲ್ಲಿಯೆಲ್ಲ ಮಣ್ಣಿನಡಿಗೆ ಹೋಗುತ್ತದೆ. ಟ್ರ್ಯಾಕ್ಟರಿನ ಹಿಂದೆ ಬ್ಲೇಡನ್ನು ಹಿಡಿಯುವ ಕೆಳಗಿನ ಎರಡು ಲಿಂಕ್‌ಗಳ ಬದಿಯ ಚೈನು ಬಿಗಿಯಾಗಿರಲಿ. ಸಡಿಲವಿದ್ದರೆ ಬ್ಲೇಡ್ ಎಡಕ್ಕೂ ಬಲಕ್ಕೂ ಓಲಾಡಿ ದಾರಿ ಹಾವಿನ ಜಾಡಾಗುತ್ತದೆ.

ಹೈಡ್ರಾಲಿಕ್ಕಿನ ವಿಷಯ ಸ್ವಲ್ಪ ಗಮನವಿಟ್ಟು ಕೇಳಿ. ಇಲ್ಲಿ ತಪ್ಪುವವರೇ ಜಾಸ್ತಿ. ಲಿಫ್ಟಿಗೆ ಎರಡು ಬಗೆಯ ಹತೋಟಿ ಇರುತ್ತದೆ, ಡ್ರಾಫ್ಟ್ ಮತ್ತು ಪೊಸಿಷನ್. ಉಳುವಾಗ ಡ್ರಾಫ್ಟ್ ಬೇಕು. ನೆಲ ಗಟ್ಟಿಯಾಗಿ ಎಳೆತ ಹೆಚ್ಚಿದಾಗ ಅದು ತಾನಾಗಿ ನೇಗಿಲನ್ನು ಸ್ವಲ್ಪ ಎತ್ತಿಕೊಡುತ್ತದೆ. ದಾರಿ ಕೆಲಸದಲ್ಲಿ ಅದೇ ಗುಣ ಮುಳುವಾಗುತ್ತದೆ. ಗಟ್ಟಿ ಸಿಕ್ಕಿದಲ್ಲಿ ಬ್ಲೇಡ್ ಏಳುತ್ತದೆ, ಮೆದು ಸಿಕ್ಕಿದಲ್ಲಿ ಇಳಿಯುತ್ತದೆ, ದಾರಿಯಲ್ಲಿ ಅಲೆ ಏಳುತ್ತದೆ. ಆದ್ದರಿಂದ ಲಿವರ್ ಇಟ್ಟ ಎತ್ತರದಲ್ಲೇ ಬ್ಲೇಡನ್ನು ಹಿಡಿದಿಡುವ ಪೊಸಿಷನ್ ಕಂಟ್ರೋಲ್‌ನಲ್ಲೇ ಕೆಲಸ ಮಾಡಿ. ಡ್ರಾಫ್ಟ್ ಲಿವರ್ ಆಗ ಎಲ್ಲಿರಬೇಕೆಂಬುದು ಒಂದೊಂದು ಕಂಪೆನಿಯದ್ದಕ್ಕೆ ಒಂದೊಂದು ಥರ, ಪುಸ್ತಕ ನೋಡಿಕೊಳ್ಳಿ. ಲಿವರನ್ನು ಕ್ಷಣಕ್ಕೊಮ್ಮೆ ಅಲುಗಾಡಿಸಬೇಡಿ. ಗಿಡ್ಡ ಟ್ರ್ಯಾಕ್ಟರಿನ ಮುಂದಿನ ಚಕ್ರ ಹೊಂಡಕ್ಕಿಳಿದರೆ ಹಿಂದೆ ಬ್ಲೇಡ್ ಏಳುತ್ತದೆ, ಚಕ್ರ ದಿಬ್ಬ ಹತ್ತಿದರೆ ಬ್ಲೇಡ್ ಕಚ್ಚುತ್ತದೆ. ಅದನ್ನು ಕೈಯಲ್ಲಿ ಸರಿ ಮಾಡಲು ಹೋದರೆ ಇನ್ನೊಂದು ಅಲೆ ಸೇರುತ್ತದೆ, ಅಷ್ಟೆ. ಕೆಳಗಿನ ಗೇರು, ಗಂಟೆಗೆ 3ರಿಂದ 4 ಕಿಲೋಮೀಟರ್, ಅಂದರೆ ನಡೆಯುವ ವೇಗ. ನಾಲ್ಕೈದು ಸಲ ಓಡಿಸುವಷ್ಟರಲ್ಲಿ ಅಲೆ ತಾನೇ ತಗ್ಗುತ್ತದೆ.

ಹೊಂಡದ ಮಾತು. ಹೊಂಡಕ್ಕೆ ಜಲ್ಲಿ ಸುರಿದು ಮೇಲೆ ಟಯರು ಹತ್ತಿಸಿದರೆ ಹದಿನೈದು ದಿನಕ್ಕೆ ಹೊಂಡ ಅಲ್ಲೇ ಹಾಜರು. ಹೊಂಡವನ್ನು ಬಗ್ಗಿ ನೋಡಿ, ಅದರ ಅಂಚೂ ತಳವೂ ಸಿಮೆಂಟಿನಂತೆ ಗಟ್ಟಿ. ಹೊಸ ಜಲ್ಲಿ ಅದಕ್ಕೆ ಬೆಸೆಯುವುದಿಲ್ಲ. ನೀರು ತುಂಬಿದಾಗ ಚಕ್ರ ಬಿದ್ದರೆ ನೀರಿನ ಜೊತೆ ಪುಡಿ ಹೊರಗೆ ಚಿಮ್ಮುತ್ತದೆ, ಪುಡಿ ಹೋದ ಮೇಲೆ ಕಲ್ಲೂ ಹೋಗುತ್ತದೆ. ಆದ್ದರಿಂದ ಅತಿ ಆಳದ ಹೊಂಡದ ತಳ ಎಷ್ಟಿದೆಯೋ ಅಷ್ಟು ಆಳಕ್ಕೆ ಸುತ್ತಲಿನ ನೆಲವನ್ನು ಕಲ್ಟಿವೇಟರಿನಲ್ಲಿ ಬಿಡಿಸಬೇಕು. ಸಾಮಾನ್ಯವಾಗಿ 3ರಿಂದ 4 ಇಂಚು. ಒಂದೇ ಹೊಂಡ ಅರ್ಧ ಅಡಿಯಷ್ಟಿದ್ದರೆ ಅದರ ಅಂಚನ್ನು ಪಿಕ್ಕಾಸಿನಲ್ಲಿ ನೇರಕ್ಕೆ ಕಡಿದು, ಎರಡು ಪದರವಾಗಿ ತುಂಬಿ ಧಮ್ಮಸು ಹಾಕಿ. ಬಿಡಿಸುವ ಮೊದಲು ಬಾವಿಯ ಪೈಪು, ತುಂತುರು ನೀರಾವರಿಯ ಪಿವಿಸಿ, ಕರೆಂಟಿನ ಕೇಬಲ್ ಎಲ್ಲಿ ದಾರಿ ದಾಟುತ್ತದೆ ಎಂದು ಸುಣ್ಣದಲ್ಲಿ ಗುರುತು ಮಾಡಲು ಮರೆಯಬೇಡಿ.

ಬಿಡಿಸಿದ ಮೇಲೆ ದಾರಿಗೆ ಆಮೆಯ ಬೆನ್ನಿನ ಆಕಾರ ಕೊಡಬೇಕು. ನಡುವಿನಿಂದ ಅಂಚಿಗೆ ಅಡಿಗೆ ಅರ್ಧ ಇಂಚು ಇಳಿಜಾರು. 10 ಅಡಿ ಅಗಲದ ದಾರಿಯಾದರೆ ನಡು ಅಂಚಿಗಿಂತ ಎರಡೂವರೆ ಇಂಚು ಎತ್ತರ. ಇದಕ್ಕೊಂದು ಸುಲಭದ ಉಪಾಯವಿದೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಕೆಳಗಿನ ಲಿಂಕನ್ನು ಎತ್ತುವ ಬಲಗಡೆಯ ಲಿಫ್ಟ್ ರಾಡನ್ನು ತಿರುಗಿಸಿ ಉದ್ದ, ಗಿಡ್ಡ ಮಾಡಬಹುದು. ಬ್ಲೇಡಿನ ಬಲ ತುದಿಯನ್ನು ಎರಡು, ಎರಡೂವರೆ ಇಂಚು ಕೆಳಗಿಳಿಸಿ. ಅದೇ ಬಲ ತುದಿ ಮುಂದೆ, ಎಡ ತುದಿ ಹಿಂದೆ ಬರುವಂತೆ ಬ್ಲೇಡನ್ನು ಓರೆ ಮಾಡಿ. ಆಮೇಲೆ ಹೋಗುವಾಗಲೂ ಬರುವಾಗಲೂ ನಿಮ್ಮ ಬಲಕ್ಕಿರುವ ಅರ್ಧದಲ್ಲೇ ಓಡಿಸಿ. ಅಂಚು ಯಾವಾಗಲೂ ನಿಮ್ಮ ಬಲಕ್ಕೇ ಬರುತ್ತದೆ, ಜಲ್ಲಿ ಯಾವಾಗಲೂ ನಡುವಿಗೇ ಸರಿಯುತ್ತದೆ, ಮತ್ತೆ ಮತ್ತೆ ಇಳಿದು ಬ್ಲೇಡ್ ತಿರುಗಿಸುವ ತಾಪತ್ರಯ ಇಲ್ಲ. ಬೆನ್ನು ಏಳತೊಡಗಿದಾಗ ಟ್ರ್ಯಾಕ್ಟರೇ ವಾಲುತ್ತದೆ. ಆಗ ಲಿಫ್ಟ್ ರಾಡನ್ನು ಮೊದಲಿನ ಮಟ್ಟಕ್ಕೆ ತರಬೇಕು. ಇಲ್ಲದಿದ್ದರೆ ಬೆನ್ನು ಅತಿಯಾಗಿ, ಕಾರಿನ ಹೊಟ್ಟೆ ತಾಗುತ್ತದೆ. ಕೊನೆಗೆ ನಡುವಿನಲ್ಲಿ ಉಳಿದ ಜಲ್ಲಿಯ ದಿಂಡನ್ನು ಬ್ಲೇಡ್ ನೇರ ಮಾಡಿ, ತುಸು ಎತ್ತಿ ಹರಡಿ. ಅಳೆಯಲು 5 ಅಡಿಯ ನೇರ ರೀಪು, ಅಂಚಿನ ಕಡೆಯ ತುದಿಯಡಿ ಎರಡೂವರೆ ಇಂಚಿನ ತುಂಡು, ಮೇಲೊಂದು ರಸಮಟ್ಟ. ಗುಳ್ಳೆ ನಡುವಿಗೆ ಬಂದರೆ ಸರಿ.

ಅಂಚಿನಲ್ಲಿ ಬೆಳೆದ ಹುಲ್ಲಿನ ದಿಬ್ಬವನ್ನು ಹಾಗೇ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ದಂಡ. ನೀರು ಚರಂಡಿಗೆ ಇಳಿಯದೆ ದಾರಿಯಂಚಲ್ಲೇ ಓಡಿ ಕೊರೆಯುತ್ತದೆ.

ಹೊಸ ಜಲ್ಲಿ ಬೇಕಾದರೆ 20 ಮಿಲಿಮೀಟರಿನಿಂದ ಕೆಳಗಿನದ್ದು, ಕ್ರಷರಿನ ಪುಡಿ ಸೇರಿದ್ದೇ ತರಿಸಿ. ತೊಳೆದಂತಿರುವ 40ರ ಜಲ್ಲಿ ಕಾಲಡಿ ಉರುಳುತ್ತದೆ. ಹೊಳೆಯ ಉರುಟು ಕಲ್ಲು ಒಂದಕ್ಕೊಂದು ಕಚ್ಚುವುದಿಲ್ಲ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಚೂರು ಚೆನ್ನಾಗಿ ಕೂರುತ್ತದೆ, ಆದರೆ ಅದರಲ್ಲಿ ಮಣ್ಣಿನಂಶ ಹೆಚ್ಚಿದ್ದರೆ ಮಳೆಗೆ ಜಾರು. ನೆಲ ಅಗೆಯುವಾಗ ಮುರದಡಿಯ ಬಿಳಿ ಶೇಡಿ ಮಣ್ಣು ಕಂಡರೆ ಅದರ ಮೇಲೆ ನೇರ ಜಲ್ಲಿ ಹಾಕಬೇಡಿ. ಒಣಗಿದಾಗ ಗಟ್ಟಿ, ನೆನೆದರೆ ಬೆಣ್ಣೆ. ಅದನ್ನು ತೆಗೆದು ಅರ್ಧ ಅಡಿ ದಪ್ಪ ಮುರಕಲ್ಲಿನ ತುಂಡು ತುಂಬಿ. ಲೆಕ್ಕ ಹೀಗೆ: 100 ಅಡಿ ಉದ್ದ, 10 ಅಡಿ ಅಗಲ, ಒತ್ತಿದ ಮೇಲೆ 2 ಇಂಚು ದಪ್ಪ ಉಳಿಯಬೇಕಾದರೆ ಸುಮಾರು 210 ಘನ ಅಡಿ, ಅಂದರೆ ಎರಡು ಯುನಿಟ್‌ಗಿಂತ ತುಸು ಹೆಚ್ಚು. ಹರಡಿ, ಹದವಾಗಿ ನೀರು ಚಿಮುಕಿಸಿ, ಒಂದು ಟನ್ನಿನ ಬಾಡಿಗೆ ರೋಲರನ್ನು ಅಂಚಿನಿಂದ ನಡುವಿಗೆ ಆರು ಸಲ ಓಡಿಸಿ. ರೋಲರ್ ಸಿಗದಿದ್ದರೆ ಟ್ರ್ಯಾಕ್ಟರಿನ ಚಕ್ರವನ್ನೇ ಗೇಣು ಗೇಣು ಸರಿಸಿ ಓಡಿಸಬಹುದು, ತಾಳ್ಮೆ ಇದ್ದವರಿಗೆ.

ಗುಡ್ಡೆಯ ದಾರಿಗೆ ಬೆನ್ನೊಂದೇ ಸಾಲದು. 20, 25 ಮೀಟರಿಗೊಂದು ಓರೆಯಾದ ಅಡ್ಡ ಕಣಿ ತೆಗೆದು ನೀರನ್ನು ಹೊರಗೆ ಬಿಡಬೇಕು, ನೆರೆಮನೆಯವರ ಅಂಗಳಕ್ಕಲ್ಲ. ನೂರು ಅಡಿಗೆ 12 ಅಡಿಗಿಂತ ಹೆಚ್ಚು ಏರಿದ್ದರೆ ಜಲ್ಲಿಗೆ ದುಡ್ಡು ಹಾಕುವುದೇ ದಂಡ, ಚಕ್ರದ ಎರಡು ಪಟ್ಟಿ ಕಾಂಕ್ರೀಟ್ ಮಾಡಿಸಿ.

ಬ್ಲೇಡ್ ಕಚ್ಚುವುದಿಲ್ಲ ಎಂದು ಅದರ ಮೇಲೆ ಆಳು ನಿಲ್ಲಿಸುವ ಅಭ್ಯಾಸ ನಮ್ಮಲ್ಲಿದೆ. ಖಂಡಿತ ಬೇಡ. ಕಲ್ಲಿಗೆ ತಾಗಿ ಬ್ಲೇಡ್ ಜಿಗಿದರೆ ಆತ ಚಕ್ರದಡಿ ಹೋಗುತ್ತಾನೆ. ಭಾರ ಬೇಕಿದ್ದರೆ ಮರಳಿನ ಚೀಲ ಬಿಗಿದು ಕಟ್ಟಿ. ಇಳಿಜಾರಿನಲ್ಲಿ ಎರಡೂ ಬ್ರೇಕ್ ಪೆಡಲ್ ಜೋಡಿಸಿ ಲಾಕ್ ಮಾಡಿ, ತಿರುಗುವುದು ಸಮತಟ್ಟಿನಲ್ಲೇ ಇರಲಿ. ಬರೆಯ, ಅಂದರೆ ಕಡಿದಾದ ಮಣ್ಣಿನ ದಂಡೆಯ ಅಂಚಿನಿಂದ, ಬರೆ ಎಷ್ಟು ಆಳವೋ ಅಷ್ಟು ದೂರ ಇರಬೇಕು. ನೆನೆದ ಬರೆ ಹೇಳಿಕೇಳಿ ಜರಿಯುವುದಿಲ್ಲ.

ಮಳೆ ಹಿಡಿದ ಮೇಲೆ, ಆಗಸ್ಟ್ ನಡುವಿಗೆ ತುಳುವರ ಆಟಿ ತಿಂಗಳು ಮುಗಿಯುವವರೆಗೆ ಈ ದಾರಿಗೆ ಬ್ಲೇಡ್ ಇಳಿಸಬೇಡಿ. ನೆನೆದ ಜಲ್ಲಿ ಕೆದಕಿದರೆ ಕೆಸರೇ. ಆಗ ಬೇಕಾದದ್ದು ಒಂದು ಹಾರೆ. ಸೋಗೆ, ಅಡಿಕೆ ಹಾಳೆ ಮೋರಿಯ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತವೆ. ಗಾಳಿಮಳೆಯ ಮರುದಿನ ಬೆಳಗ್ಗೆ ಅದನ್ನೊಮ್ಮೆ ಎಳೆದು ಹಾಕಿ, ಅಡ್ಡ ಕಣಿಯಲ್ಲಿ ಕೂತ ಹೂಳನ್ನು ಬಳಿದು ದಾರಿಯ ನಡುವಿಗೇ ಹಾಕಿಬಿಡಿ.

ನಮಸ್ಕಾರ.