ಪೆನುಗೊಂಡೆಯ ದಾರಿ ಮೊದಲು ಕಾಗದದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ. ಪೈಲಟ್ ಆಗಬೇಕೆಂದು ಹೊರಟ ವಿದ್ಯಾರ್ಥಿಗಳಿಗೆ ಹಲವು ವರ್ಷಗಳಿಂದ ನ್ಯಾವಿಗೇಷನ್, ಅಂದರೆ ಆಕಾಶದಲ್ಲಿ ದಾರಿ ಲೆಕ್ಕ ಹಾಕುವ, ಪಾಠ ಹೇಳುತ್ತಿದ್ದೇನೆ. ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಕರೆದುಕೊಂಡು ಬರುವ ತಂದೆತಾಯಿಯರು, ಹಾರಾಟ ಯಾವಾಗ ಶುರುವಾಗುತ್ತದೆ ಎಂದೇ ಮೊದಲು ಕೇಳುತ್ತಾರೆ. ಪರೀಕ್ಷೆಗಳ ವಿಷಯ ಬಂದರೆ, "ಅದನ್ನು ಹೇಗೋ ಮುಗಿಸಿಕೊಳ್ಳುತ್ತಾನೆ ಬಿಡಿ ಸಾರ್" ಎನ್ನುತ್ತಾರೆ. ಆ 'ಹೇಗೋ' ಎಂಬ ಮಾತು ನನ್ನನ್ನು ಬಹಳ ಕಾಡುತ್ತದೆ.

ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿ, ಅಂದರೆ ಸಿಪಿಎಲ್, ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅದಕ್ಕೆ 18 ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟ ಆಗಿರಬೇಕು, ಅದರಲ್ಲಿ 100 ಗಂಟೆ ವಿಮಾನದ ಪೂರ್ಣ ಹೊಣೆ ಹೊತ್ತು ಹಾರಿರಬೇಕು. ಜೊತೆಗೆ ನ್ಯಾವಿಗೇಷನ್, ಹವಾಮಾನ, ವಾಯು ನಿಯಮಗಳು ಮತ್ತು ಎರಡು ತಾಂತ್ರಿಕ ವಿಷಯಗಳ ಪರೀಕ್ಷೆಗಳಲ್ಲಿ ಶೇಕಡಾ 70 ಅಂಕ ಗಳಿಸಬೇಕು. ಪಿಯುಸಿಯಲ್ಲಿ ಇದಕ್ಕಿಂತ ಬಹಳ ಕಡಿಮೆ ಅಂಕಕ್ಕೇ ಪಾಸು ಎಂದುಕೊಂಡವರಿಗೆ ಇದು ಹೆಚ್ಚೆನಿಸಬಹುದು. ಏಕೆ ಹೆಚ್ಚಲ್ಲ ಎಂಬುದನ್ನು ಒಂದು ಲೆಕ್ಕದಿಂದ ಹೇಳುತ್ತೇನೆ.

ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಿಂದ ನೇರ ಉತ್ತರಕ್ಕೆ ಸುಮಾರು 60 ನಾಟಿಕಲ್ ಮೈಲು, ಅಂದರೆ ಸುಮಾರು 111 ಕಿಲೋಮೀಟರು, ಹೋದರೆ ಆಂಧ್ರದ ಪೆನುಗೊಂಡೆ ಸಿಗುತ್ತದೆ. ಜೂನ್ ತಿಂಗಳು, ಪಡುವಣ ಗಾಳಿ 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲು, ವೇಗದಲ್ಲಿ ಬೀಸುತ್ತಿದೆ, ನಿಮ್ಮ ಚಿಕ್ಕ ವಿಮಾನದ ವೇಗ 90 ನಾಟ್ ಎಂದಿಟ್ಟುಕೊಳ್ಳಿ. ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಿಮಾನದ ಮೂಗನ್ನು ಉತ್ತರಕ್ಕಿಟ್ಟು 40 ನಿಮಿಷ ಹಾರಿದರೆ, ಗಾಳಿ ನಿಮ್ಮನ್ನು 13 ನಾಟಿಕಲ್ ಮೈಲಿಗೂ ಹೆಚ್ಚು ದೂರ, ಎಂದರೆ ಸುಮಾರು 25 ಕಿಲೋಮೀಟರು, ಪೂರ್ವಕ್ಕೆ ತಳ್ಳಿರುತ್ತದೆ. ಪೆನುಗೊಂಡೆಯ ಬೆಟ್ಟವನ್ನು ಹುಡುಕುತ್ತಾ ಕೆಳಗೆ ನೋಡಿದರೆ ಕಾಣುವುದು ಯಾವುದೋ ಬೇರೆ ಗುಡ್ಡ. ಗುರುತಿಲ್ಲದ ಆ ಗುಡ್ಡವನ್ನೇ ಪೆನುಗೊಂಡೆ ಎಂದು ನಂಬಿಬಿಡುವುದು ದಾರಿ ತಪ್ಪುವುದಕ್ಕಿಂತ ಅಪಾಯ. ಇದನ್ನು ತಪ್ಪಿಸಲು ಮೂಗನ್ನು ಸುಮಾರು 13 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿಕೊಂಡು ಹಾರಬೇಕು. ಹಾಗೆ ತಿರುಗಿಸಿದ್ದರಿಂದ ಮುಂದಕ್ಕೆ ಸಾಗುವ ವೇಗ ತುಸು ತಗ್ಗುತ್ತದೆ, ಅಷ್ಟರ ಮಟ್ಟಿಗೆ ಇಂಧನವೂ ಹೆಚ್ಚು ಬೇಕಾಗುತ್ತದೆ. ಪೆನ್ಸಿಲು, ಸ್ಕೇಲು, ಪ್ರೊಟ್ರಾಕ್ಟರ್ ಹಿಡಿದು ಈ ಲೆಕ್ಕವನ್ನು ಗೆರೆಗಳಲ್ಲಿ ಬಿಡಿಸುವ ಗಾಳಿಯ ತ್ರಿಕೋನ ಬರೆಯುತ್ತಿದ್ದ ಹುಡುಗಿಯೊಬ್ಬಳು, ಮೊದಲ ಸಲ ಉತ್ತರ ಸರಿ ಬಂದಾಗ ಕಾಗದದಿಂದ ತಲೆಯೆತ್ತಿ ಕಿಟಕಿಯಾಚೆ ತೂಗುತ್ತಿದ್ದ ಮರದ ಕೊಂಬೆಯನ್ನು ನೋಡಿದಳು. ಪಾಠ ಅವಳಿಗೆ ತಲುಪಿತು ಎಂದು ನನಗೆ ಆಗ ಗೊತ್ತಾಯಿತು.

ಹಳೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ 70 ದಾಟುವವರೂ ಇದ್ದಾರೆ. ಅವರನ್ನು ನಾನು ದೂರುವುದಿಲ್ಲ, ಆದರೆ ಅವರ ಬಗ್ಗೆ ಹೆದರಿಕೆಯಂತೂ ಇದೆ. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಲಿದ್ದರೆ ಅಲ್ಲಿನ ಗಾಳಿ ಸುಮಾರು 6000 ಅಡಿ ಎತ್ತರದಲ್ಲಿರುವಷ್ಟು ತೆಳುವಾಗಿರುತ್ತದೆ. ಎಂಜಿನ್‌ನ ಬಲ ಕುಗ್ಗುತ್ತದೆ, ನೆಲ ಬಿಡಲು ಹೆಚ್ಚು ರನ್‌ವೇ ಬೇಕಾಗುತ್ತದೆ. ಬೆಳಿಗ್ಗೆ ಸಲೀಸಾಗಿ ಎದ್ದ ವಿಮಾನ ಮಧ್ಯಾಹ್ನ ಏಕೆ ಏಳಲೊಲ್ಲದು ಎಂಬುದನ್ನು ಬಾಯಿಪಾಠದ ಉತ್ತರ ತಿಳಿಸಿಕೊಡುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇಂಗ್ಲಿಷಿಗೆ ಅಂಜುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ವಿಮಾನದ ರೇಡಿಯೊದಲ್ಲಿ ಆಡುವ ಭಾಷೆ ಹೆಚ್ಚಾಗಿ ಗೊತ್ತುಪಡಿಸಿದ ಪದಗಳ ಭಾಷೆ. ಇಂಗ್ಲಿಷ್ ಮನೆಮಾತಾದವರೂ ಅಲ್ಲಿ 'ನೈನ್' ಎನ್ನದೆ 'ನೈನರ್' ಎನ್ನಬೇಕು, 'ಫೈವ್' ಎನ್ನದೆ 'ಫೈಫ್' ಎನ್ನಬೇಕು. ಗರಗರ ಸದ್ದಿನ ನಡುವೆ ಒಂದು ಇನ್ನೊಂದರಂತೆ ಕೇಳಿಸಬಾರದು. ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಹೇಳಿಕೊಂಡು ಅಭ್ಯಾಸ ಮಾಡಿದರೆ ಅಂಜಿಕೆ ತಾನಾಗಿ ಬಿಡುತ್ತದೆ.

ಇನ್ನು ಮುಂದಿನ ದಾರಿ. ಜಮೀನು ಅಡವಿಟ್ಟು ಮಕ್ಕಳನ್ನು ಕಳುಹಿಸುವ ಮನೆಗಳನ್ನು ನಾನು ಬಲ್ಲೆ. ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಹಣ ಕಟ್ಟುವ ಮೊದಲೇ ಒಂದನೇ ದರ್ಜೆಯ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಿ. ಬಣ್ಣ ಗುರುತಿಸುವುದರಲ್ಲಿ ದೋಷವಿದೆ ಎಂದು 150 ಗಂಟೆ ಹಾರಿದ ಮೇಲೆ ತಿಳಿಯುವುದು ಬೇಡ. ಆಮೇಲೆ ಪರೀಕ್ಷೆಗಳು, ಕನಿಷ್ಠ ಅವುಗಳ ಬಹುಪಾಲು, ಆಮೇಲೆ ಹಾರಾಟ. ಸಂಜೆಯವರೆಗೆ ಹಾರಿ, ರಾತ್ರಿ ಕಣ್ಣು ಮುಚ್ಚುತ್ತಾ ಹವಾಮಾನದ ಪುಸ್ತಕ ಹಿಡಿಯುವುದು ಎರಡಕ್ಕೂ ಅನ್ಯಾಯ.

ಸಿಪಿಎಲ್ ಕೈಗೆ ಬಂದ ಮಾತ್ರಕ್ಕೆ ಕೆಲಸ ಸಿಕ್ಕಂತಲ್ಲ. ಏರ್‌ಬಸ್ 320 ಅಥವಾ ಎಟಿಆರ್‌ನಂಥ ವಿಮಾನ ನಡೆಸಲು ಆ ಮಾದರಿಗೇ ಬೇರೆ ತರಬೇತಿ, ಬೇರೆ ಖರ್ಚು. ವಿಮಾನ ಸಂಸ್ಥೆಗಳು ತಮ್ಮದೇ ಲಿಖಿತ ಪರೀಕ್ಷೆಗಳನ್ನೂ ನಡೆಸುತ್ತವೆ. ಕ್ಯಾಪ್ಟನ್ ಆಗುವ ದಾರಿಯಲ್ಲಿ ಬೇಕಾಗುವ ಎಟಿಪಿಎಲ್ ಎಂಬ ಮೇಲಿನ ಪರವಾನಗಿಗೆ 1500 ಗಂಟೆಗಳ ಹಾರಾಟ ಬೇಕು. ನಡುವೆ ಕಾಯಬೇಕಾಗಿ ಬಂದರೆ ಬೋಧಕರಾಗುವ ಅರ್ಹತೆ ಪಡೆಯಿರಿ: ಗಂಟೆಗಳೂ ಕೂಡುತ್ತವೆ, ಓದಿದ್ದೂ ಮರೆಯುವುದಿಲ್ಲ. ಇಂದು ಜಕ್ಕೂರು, ಬೆಳಗಾವಿ, ಕಲಬುರಗಿಯಲ್ಲಿ ತರಬೇತಿಗೆ ಸೇರುವ ಹುಡುಗ ಹುಡುಗಿಯರ ಪಕ್ಕದ ಆಸನದಲ್ಲಿ ಕುಳಿತು, ಕನ್ನಡದಲ್ಲಿ ಗಾಳಿಯ ಲೆಕ್ಕ ಬಿಡಿಸಿ ಹೇಳುವ ಬೋಧಕರು ಇನ್ನೂ ಹಲವರು ಬೇಕಾಗಿದ್ದಾರೆ.

ನಮಸ್ಕಾರ.