ಸಿಲಿಂಡರ್ ಕೆಳಗಿಡಿ, ಮೊದಲು ಗಾಳಿ ನೋಡಿ

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯ ಎರಡೂ ಕಡೆಯಿಂದ ಮೆಕ್ಯಾನಿಕ್‌ಗಳು ಬಂದಿದ್ದೀರಿ, ಹಿಂದಿನ ಸಾಲಿನಲ್ಲಿ ಐಟಿಐ ಹುಡುಗರೂ ಕೂತಿದ್ದಾರೆ. ಹೀಟ್ ಪಂಪ್ ಇರುವ ವೆಂಟಿಲೇಶನ್ ಯೂನಿಟ್ ಕೆಟ್ಟಾಗ ರೋಗ ಪತ್ತೆ ಮಾಡುವುದು ಹೇಗೆ, ನೇರವಾಗಿ ಆ ವಿಷಯಕ್ಕೆ ಬರುತ್ತೇನೆ.

ಕಲ್ಯಾಣ ಮಂಟಪದಿಂದಲೋ ಹೋಟೆಲಿನಿಂದಲೋ "ಯೂನಿಟ್ ತಣ್ಣಗೆ ಮಾಡ್ತಿಲ್ಲ" ಅಂತ ಫೋನ್ ಬರುತ್ತದೆ. ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು? ಗ್ಯಾಸ್ ಕಮ್ಮಿ ಆಗಿದೆ. ಇನ್ನೂ ಏಣಿ ಹತ್ತಿಲ್ಲ, ಕವರ್ ಬಿಚ್ಚಿಲ್ಲ, ಆಗಲೇ ತೀರ್ಪು! ಗ್ಯಾಸ್ ಏನು ಪೆಟ್ರೋಲಾ ಓಡಿಸಿದಷ್ಟೂ ಖರ್ಚಾಗೋಕೆ? ಕಮ್ಮಿ ಆಗಿದ್ದರೆ ಎಲ್ಲೋ ಸೋರಿದೆ. ಸೋರಿಲ್ಲ ಅಂದರೆ ಕಮ್ಮಿ ಆಗಿಲ್ಲ, ಅಷ್ಟೇ.

ಹೀಟ್ ಪಂಪ್ ಇರುವ ವೆಂಟಿಲೇಶನ್ ಯೂನಿಟ್ಟಿನಲ್ಲಿ ಈ ಅವಸರ ಇನ್ನೂ ದುಬಾರಿ. ಮಾಮೂಲಿ ಸ್ಪ್ಲಿಟ್ ಎಸಿಯಲ್ಲಿ ಬಿಸಿ ಹೊರಹಾಕುವ ಕಾಯಿಲ್, ಅಂದರೆ ಕಂಡೆನ್ಸರ್, ಹೊರಗೆ ಬಯಲಲ್ಲಿ ಇರುತ್ತದೆ, ಅದಕ್ಕೆ ಗಾಳಿಯ ಬರ ಇಲ್ಲ. ಇಲ್ಲಿ ಹಾಗಲ್ಲ. ಒಂದು ಕಾಯಿಲ್ ಹೊರಗಿನಿಂದ ಬರುವ ಹೊಸ ಗಾಳಿಯ ದಾರಿಯಲ್ಲಿ, ಇನ್ನೊಂದು ಹಾಲ್‌ನಿಂದ ಹೊರಗೆ ಹೋಗುವ ಗಾಳಿಯ ದಾರಿಯಲ್ಲಿ. ಬೇಸಿಗೆಯಲ್ಲಿ ಈ ಎರಡನೆಯದೇ ಕಂಡೆನ್ಸರ್, ಹೊರಗೆ ಹೋಗುವ ಗಾಳಿಯೇ ಅದನ್ನು ತಣ್ಣಗಿಡಬೇಕು. ಆ ಗಾಳಿ ಕಟ್ಟಿದರೆ ಹೆಡ್ ಪ್ರೆಶರ್, ಅಂದರೆ ಕಂಪ್ರೆಸರ್ ಗ್ಯಾಸ್ ಹೊರದೂಡುವ ಕಡೆಯ ಒತ್ತಡ, ಏರಿ ಯೂನಿಟ್ ತಾನೇ ನಿಂತು ಟ್ರಿಪ್ ಆಗುತ್ತದೆ.

ಒಂದು ಮಂಟಪದಲ್ಲಿ ಆಗಿದ್ದು ಇದೇ. ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಹೈ ಪ್ರೆಶರ್ ಟ್ರಿಪ್, ರೀಸೆಟ್ ಮಾಡಿದರೆ ಸ್ವಲ್ಪ ಹೊತ್ತು ಓಡಿ ಮತ್ತೆ ಟ್ರಿಪ್. ಮುಂಚೆ ಬಂದವರು ಗ್ಯಾಸ್ ಜಾಸ್ತಿ ಆಗಿದೆ ಅಂತ ಸ್ವಲ್ಪ ತೆಗೆದು ಹೋಗಿದ್ದರು. ವೇದಿಕೆ ಹಿಂದೆ ಹೋಗಿ ನೋಡಿದರೆ ಅಲಂಕಾರದವರು ಎಕ್ಸಾಸ್ಟ್ ಗ್ರಿಲ್ ಮೇಲೆ ಬಟ್ಟೆ ಬಿಗಿದು, ಅದರ ಮೇಲೆ ಥರ್ಮೋಕೋಲ್ ಹೊಡೆದು, ಹೂವಿನ ಸರ ಇಳಿಬಿಟ್ಟಿದ್ದಾರೆ. ನೋಡೋಕೆ ಚೆನ್ನಾಗಿಯೇ ಇತ್ತು ಬಿಡಿ. ಬಟ್ಟೆ ಬಿಚ್ಚಿದ ಮೇಲೆ ಟ್ರಿಪ್ ನಿಂತಿತು, ಆದರೆ ಮೊದಲು ತೆಗೆದಿದ್ದ ಗ್ಯಾಸ್ ವಾಪಸ್ ತುಂಬಬೇಕಾಯಿತು.

ಹಾಗಾಗಿ ಫಿಲ್ಟರ್, ಬೆಲ್ಟ್, ಡ್ಯಾಂಪರ್, ಎರಡೂ ಬ್ಲೋವರ್ ತಿರುಗುವ ದಿಕ್ಕು, ಎಲ್ಲ ನೋಡಿದ ಮೇಲೆ ಗೇಜ್ ಹಾಕಿ. ಮಂಡ್ಯ ಕಡೆಯವರಿಗೆ ಒಂದು ಮಾತು: ಆಲೆಮನೆ ಹೊಗೆ, ಕಬ್ಬಿನ ತರಗು ಸುಟ್ಟಾಗ ಹಾರುವ ಕರಿ, ಇವು ಫಿಲ್ಟರಿಗೆ ಮೆತ್ತಿಕೊಳ್ಳುತ್ತವೆ. ಕಂಪನಿಯ ಪುಸ್ತಕದಲ್ಲಿ ಬರೆದ ಅವಧಿ ನಿಮ್ಮ ಊರಿಗೆ ಸಾಲುವುದಿಲ್ಲ.

ಈಗ ಗೇಜಿಗೆ ಬರೋಣ. ಆರ್-410ಎ ಅನ್ನುವ ಗ್ಯಾಸಿನ ಯೂನಿಟ್ ಅಂದುಕೊಳ್ಳಿ. ಸಕ್ಷನ್, ಅಂದರೆ ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆಯ ಒತ್ತಡ, 100 ಪಿಎಸ್‌ಐ ತೋರಿಸುತ್ತಿದೆ, ಅಂದರೆ ಕಾಯಿಲ್ ಒಳಗೆ ಗ್ಯಾಸ್ ಹೆಚ್ಚುಕಮ್ಮಿ 0 ಡಿಗ್ರಿಯಲ್ಲಿ ಕುದಿಯುತ್ತಿದೆ. ತಣ್ಣಗೆ ಮಾಡುವಾಗ ಇದು ಕಮ್ಮಿಯೇ, ಹಾಗಂತ ಸಿಲಿಂಡರ್ ತೆರೆಯಬೇಡಿ. ಸಕ್ಷನ್ ಪೈಪಿಗೆ ಥರ್ಮಾಮೀಟರ್ ಕಟ್ಟಿ. ಪೈಪ್ 2 ಡಿಗ್ರಿ ಇದ್ದರೆ ಸೂಪರ್‌ಹೀಟ್, ಅಂದರೆ ಕುದಿಯುವ ಬಿಸಿಗಿಂತ ಪೈಪಿನ ಬಿಸಿ ಎಷ್ಟು ಜಾಸ್ತಿ ಅನ್ನುವುದು, ಬರೀ 2. ದ್ರವ ಬೇಕಾದಷ್ಟಿದೆ, ಕುದಿಸೋಕೆ ಶಾಖವೇ ಸಿಗುತ್ತಿಲ್ಲ, ಅಂದರೆ ಗಾಳಿ ಕಮ್ಮಿ. ಅದೇ 100 ಪಿಎಸ್‌ಐಯಲ್ಲಿ ಪೈಪ್ 15 ಡಿಗ್ರಿ ಇದ್ದರೆ ಕಥೆಯೇ ಬೇರೆ: ಕಾಯಿಲಿಗೆ ದ್ರವ ಸಾಲುತ್ತಿಲ್ಲ. ಗೇಜಿನ ಮುಳ್ಳು ಎರಡು ಸಲವೂ ಒಂದೇ ಜಾಗದಲ್ಲಿದೆ, ರೋಗ ಮಾತ್ರ ಪೂರ್ತಿ ಉಲ್ಟಾ. ಮೊದಲನೆಯದಕ್ಕೆ ಗ್ಯಾಸ್ ತುಂಬಿದರೆ ದ್ರವ ನೇರ ಕಂಪ್ರೆಸರಿಗೆ ಹೋಗಿ ಅದರ ಆಯಸ್ಸು ತಿನ್ನುತ್ತದೆ.

ದ್ರವ ಸಾಲುತ್ತಿಲ್ಲ ಅಂತ ಗೊತ್ತಾದ ಮೇಲೂ ತುಂಬುವ ಮುಂಚೆ ಕಂಡೆನ್ಸರಿನಿಂದ ದ್ರವ ಬರುವ ಲಿಕ್ವಿಡ್ ಲೈನ್ ನೋಡಿ. ಅಲ್ಲಿ ಸಬ್‌ಕೂಲಿಂಗ್ (ಗ್ಯಾಸ್ ದ್ರವವಾದ ಮೇಲೂ ಇನ್ನಷ್ಟು ತಣ್ಣಗಾಗುವುದು) ಇಲ್ಲವೇ ಇಲ್ಲ ಅಂದರೆ ಗ್ಯಾಸ್ ಸೋರಿದೆ ಅನ್ನುವ ಅನುಮಾನ ಗಟ್ಟಿ. ಸಬ್‌ಕೂಲಿಂಗ್ ಚೆನ್ನಾಗಿದ್ದೂ ಕಾಯಿಲ್ ಹಸಿದಿದ್ದರೆ ದಾರಿಯಲ್ಲಿ ಅಡ್ಡ ಇದೆ: ತೇವ, ಕಸ ಹಿಡಿಯುವ ಡ್ರೈಯರ್ ಕಟ್ಟಿರಬಹುದು, ಎಕ್ಸ್‌ಪ್ಯಾನ್ಷನ್ ವಾಲ್ವ್ ಸಿಕ್ಕಿಕೊಂಡಿರಬಹುದು. ಡ್ರೈಯರಿನ ಎರಡೂ ಕಡೆ ಕೈಯಿಟ್ಟರೆ ಎಷ್ಟೋ ಸಲ ತಿಳಿಯುತ್ತದೆ, ದ್ರವ ಒಳಗೆ ಹೋಗುವ ಕಡೆ ಬೆಚ್ಚಗೆ, ಹೊರಗೆ ಬರುವ ಕಡೆ ತಣ್ಣಗೆ. ಥರ್ಮಾಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ.

ಕೂಲಿಂಗ್‌ನಿಂದ ಹೀಟಿಂಗಿಗೆ ಗ್ಯಾಸಿನ ದಾರಿ ತಿರುಗಿಸುವ ರಿವರ್ಸಿಂಗ್ ವಾಲ್ವ್ ವಿಷಯ ಜಾಸ್ತಿ ಜನ ಮರೆಯುತ್ತಾರೆ. ನಮ್ಮ ಮೈಸೂರಿನ ಚಳಿಗೆ ಹೀಟಿಂಗ್ ಓಡುವುದೇ ಅಪರೂಪ, ವಾಲ್ವ್ ತಿಂಗಳುಗಟ್ಟಲೆ ಒಂದೇ ಕಡೆ ಕೂತಿರುತ್ತದೆ, ಒಂದು ದಿನ ತಿರುಗು ಅಂದರೆ ಅರ್ಧದಲ್ಲೇ ನಿಲ್ಲುತ್ತದೆ. ಆಗ ಬಿಸಿ ಗ್ಯಾಸ್ ಒಳಗೊಳಗೇ ಸಕ್ಷನ್ನಿಗೆ ನುಗ್ಗುತ್ತದೆ. ಸಕ್ಷನ್ ಏರುತ್ತದೆ, ಹೆಡ್ ಇಳಿಯುತ್ತದೆ, ನೋಡಿದವರು ಕಂಪ್ರೆಸರ್ ಹೋಯಿತು ಅಂತ ಎಸ್ಟಿಮೇಟ್ ಬರೆಯುತ್ತಾರೆ! ಕಾಯಿಲಿನಿಂದ ವಾಲ್ವಿಗೆ ಬರುವ ಸಕ್ಷನ್ ಪೈಪ್, ವಾಲ್ವಿನಿಂದ ಕಂಪ್ರೆಸರಿಗೆ ಹೋಗುವ ಪೈಪ್, ಎರಡರ ಬಿಸಿ ಅಳೆಯಿರಿ. ನಡುವೆ 2–3 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ವಾಲ್ವ್ ಮೇಲೆಯೇ ಅನುಮಾನ. ಇನ್ನೊಂದು, ಈ ವಾಲ್ವನ್ನು ತಿರುಗಿಸುವುದು ಗ್ಯಾಸಿನ ಒತ್ತಡವೇ. ಕರೆಂಟಿನಿಂದ ನಡೆಯುವ ಸೊಲೆನಾಯ್ಡ್ ಬರೀ ಆ ಒತ್ತಡಕ್ಕೆ ದಾರಿ ತೆರೆಯುತ್ತದೆ. ಗ್ಯಾಸ್ ತೀರಾ ಕಮ್ಮಿ ಇದ್ದರೆ ಒಳ್ಳೆ ವಾಲ್ವೂ ತಿರುಗುವುದಿಲ್ಲ.

ಟ್ರಾನ್ಸ್‌ಫಾರ್ಮರ್ ಬದಲಾಯಿಸಿದ ಮಾರನೇ ದಿನ ಸ್ಕ್ರಾಲ್ ಕಂಪ್ರೆಸರ್ ಗಡಗಡ ಅನ್ನುತ್ತಾ ಎರಡೂ ಗೇಜ್ ಅಕ್ಕಪಕ್ಕ ನಿಂತಿದ್ದರೆ ಮೊದಲು ಕರೆಂಟಿನ ಮೂರು ಫೇಸ್‌ಗಳ ಕ್ರಮ ನೋಡಿ. ಉಲ್ಟಾ ತಿರುಗುತ್ತಿರುತ್ತದೆ. ಎರಡು ವೈರ್ ಅದಲು ಬದಲು ಮಾಡಿದರೆ ಮುಗಿಯಿತು, ಬೇಗ ಮಾಡಿ ಅಷ್ಟೇ, ಹಾಗೇ ಓಡಲು ಬಿಡಬೇಡಿ.

ಕೊನೆಗೆ ಸೋರಿಕೆಯೇ ಸಿಕ್ಕಿತು ಅನ್ನಿ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ರಿಕವರಿ ಮಾಡಿ, ಬ್ರೇಜಿಂಗ್ (ಪೈಪಿನ ಬೆಸುಗೆ) ಮಾಡುವಾಗ ಒಳಗೆ ನೈಟ್ರೋಜನ್ ಹರಿಯಲಿ, ಪ್ರೆಶರ್ ಟೆಸ್ಟೂ ನೈಟ್ರೋಜನ್ನಿಂದಲೇ. ಆಕ್ಸಿಜನ್ ಹಾಕಿದರೆ ಎಣ್ಣೆ ಜೊತೆ ಸೇರಿ ಸಿಡಿಯುತ್ತದೆ, ಇದರಲ್ಲಿ ತಮಾಷೆ ಇಲ್ಲ. ಆಮೇಲೆ ಹೊಸ ಡ್ರೈಯರ್, 500 ಮೈಕ್ರಾನ್‌ಗಿಂತ (ಒಳಗೆ ಉಳಿದ ಒತ್ತಡದ ಅಳತೆ) ಕೆಳಗೆ ವ್ಯಾಕ್ಯೂಮ್, ಪಂಪ್ ನಿಲ್ಲಿಸಿದ ಮೇಲೂ ಅದು ಏರದೆ ನಿಲ್ಲಬೇಕು. ಆರ್-410ಎ ದ್ರವವಾಗಿಯೇ ಹೋಗಬೇಕು, ನೇಮ್‌ಪ್ಲೇಟಿನಲ್ಲಿರುವಷ್ಟೇ, ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು. ಸುಮ್ನೆ ಗೇಜ್ ನೋಡಿಕೊಂಡು ಅಂದಾಜಿಗೆ ಬಿಡುವವರು ತಕ್ಕಡಿಯ ಬೆಲೆ ಕೇಳಿದ್ದೀರಾ? ಒಂದು ಕಂಪ್ರೆಸರಿನ ಮುಂದೆ ಅದು ಏನೂ ಅಲ್ಲ, ಅಲ್ವಾ?

ಹೊರಗೆ ಶೆಡ್ಡಿನಲ್ಲಿ ಡೆಮೋ ಯೂನಿಟ್ ಓಡುತ್ತಿದೆ. ಟೀ ಆದ ಮೇಲೆ ಥರ್ಮಾಮೀಟರ್ ಹಿಡಿದುಕೊಂಡು ಬನ್ನಿ, ಗೇಜ್ ಸದ್ಯಕ್ಕೆ ಬ್ಯಾಗಿನಲ್ಲೇ ಇರಲಿ.